ಕೆಲಸ ಅಸಲು, ಖುಷಿ ಬಡ್ಡಿ

ಐಪಿಎಲ್ ಶುರುವಾಯಿತೆಂದರೆ ನಮ್ಮ ಸುಲೇಪೇಟದ ಶಾಲೆ ಹುಡುಗರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಮುತ್ಯಾ, ಮ್ಯಾಚ್ ನೋಡಕೋತ, ವಿಮಾನದಾಗ ಊರೂರು ತಿರಗಕೋತ ಇದ್ರೂ ಪಗಾರ ಕೊಡುವಂಥ ನೌಕರಿ ಅದಾವಂತ, ಖರೇನಾ?" ಪಕ್ಕದಲ್ಲಿ ಕೂತಿರುವ ಅವರ ಸ್ವಂತ ಮುತ್ಯಾನ ಉತ್ತರವೂ ತಯಾರಿರುತ್ತದೆ. "ಆಟದಿಂದ ಯಾರ ಹೊಟ್ಟಿ ತುಂಬ್ಯಾದಲೇ? ಮೊದಲ ಗಣಿತದ ಪುಸ್ತಕ ತಗಿ."

ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ. ಅಂಥ ನೌಕರಿ ಖಂಡಿತ ಇದೆ. ಅದಕ್ಕೆ ಕ್ರೀಡಾ ಮಾರ್ಕೆಟಿಂಗ್ ಎನ್ನುತ್ತಾರೆ. ಆ ನೌಕರಿಗೆ ಗಣಿತದ ಪುಸ್ತಕವೂ ಬೇಕೇ ಬೇಕು. ಬ್ಯಾಂಕಿನ ಕೌಂಟರಿನ ಹಿಂದೆ ಆಯುಷ್ಯ ಕಳೆದ ನನಗೆ ಈ ಕಸುಬಿನ ಒಳಗಿನ ಲೆಕ್ಕ ಬಹಳ ಹಿಡಿಸುತ್ತದೆ. ಈ ವಾರ ಅದನ್ನೇ ಬಿಡಿಸಿ ನೋಡೋಣ.

ಕ್ರೀಡಾ ಮಾರ್ಕೆಟಿಂಗ್ ಎಂಬುದು ಹೊಸ ಹೆಸರು, ಸಂಗತಿ ಹಳೆಯದು. ಜಾತ್ರೆಯ ಕುಸ್ತಿ ಕಣ ನೆನಪಿಸಿಕೊಳ್ಳಿ. ಗೆದ್ದ ಪೈಲ್ವಾನನಿಗೆ ಬೆಳ್ಳಿ ಕಡೆ ತೊಡಿಸುತ್ತಾರೆ. ಕಡೆ ಕೊಟ್ಟ ಅಡತಿ ಅಂಗಡಿ ಸಾಹುಕಾರರ ಹೆಸರನ್ನು ಮೈಕಿನಲ್ಲಿ ಮೂರು ಸಲ ಕೂಗುತ್ತಾರೆ. ಪೈಲ್ವಾನನಿಗೆ ಕಡೆ ಸಿಕ್ಕಿತು, ಜನರಿಗೆ ಕುಸ್ತಿ ಸಿಕ್ಕಿತು. ಸಾಹುಕಾರರಿಗೆ ಏನು ಸಿಕ್ಕಿತು? ಮುಂದಿನ ಸುಗ್ಗಿಯಲ್ಲಿ ತೊಗರಿ ಮಾರಲು ಬರುವ ರೈತನ ನೆನಪಿನಲ್ಲಿ ಒಂದು ಜಾಗ ಸಿಕ್ಕಿತು. ಇಡೀ ವ್ಯವಹಾರ ಇಷ್ಟೇ.

ನಮ್ಮ ಸೇಡಂ, ವಾಡಿ, ಮಳಖೇಡದ ಕಾರ್ಖಾನೆಗಳ ಸಿಮೆಂಟು ನೋಡಿ. ಚೀಲ ಬಿಚ್ಚಿ ಸುರುವಿದರೆ ಎಲ್ಲಾ ಒಂದೇ ಬೂದಿ ಬಣ್ಣ. ಮನೆ ಕಟ್ಟುವವನು ಅಂಗಡಿಯಲ್ಲಿ ಕೇಳುವುದು ಹೆಸರನ್ನು. ಆ ಹೆಸರು ಅವನ ಬಾಯಿಗೆ ಬರಬೇಕಾದರೆ ದಿನಾ ಕಣ್ಣಿಗೆ ಬೀಳುತ್ತಿರಬೇಕು. 2008ರಲ್ಲಿ ಐಪಿಎಲ್‌ನ ಚೆನ್ನೈ ತಂಡವನ್ನು 9 ಕೋಟಿ 10 ಲಕ್ಷ ಡಾಲರಿಗೆ ಕೊಂಡದ್ದು ಒಂದು ಸಿಮೆಂಟ್ ಕಂಪನಿಯೇ, ಇಂಡಿಯಾ ಸಿಮೆಂಟ್ಸ್. ಕುಸ್ತಿ ಕಣದ ಮೈಕಿನ ಜಾಗಕ್ಕೆ ಟಿವಿ ಬಂದಿದೆ, ಅಷ್ಟೇ ವ್ಯತ್ಯಾಸ.

ಟಿವಿ ಎಂದಾಗ ಮಕ್ಕಳಿಗೆ ಒಂದು ಸಂಗತಿ ಹೇಳಬೇಕು. ಬೆಂಗಳೂರಿನ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ನಮ್ಮ ಭಾಗದ ಕೆಲವು ಹಳ್ಳಿಗಳು ಟಿವಿ ನೋಡಿದ್ದವು! 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸರಕಾರ ಟಿವಿ ತೋರಿಸಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಒಕ್ಕಲುತನ, ಆರೋಗ್ಯ, ಶಾಲೆಯ ಪಾಠ, ಇವೇ ಅದರ ಮುಖ್ಯ ಕಾರ್ಯಕ್ರಮಗಳು. ಒಂದೇ ಡಬ್ಬಿಯ ಮುಂದೆ ಇಡೀ ಊರು ಕೂರುತ್ತದೆ ಎಂಬುದು ಆಗಲೇ ಗೊತ್ತಾಗಿತ್ತು. ಆ ಕೂತ ಜನಕ್ಕೆ ಒಂದು ಬೆಲೆ ಇದೆ ಎಂದು ಲೆಕ್ಕ ಹಾಕುವವರು ಬರಲು ಇನ್ನೂ ಸಮಯ ಹಿಡಿಯಿತು.

1983ರಲ್ಲಿ ಕಪಿಲ್ ದೇವ್ ತಂಡ ವಿಶ್ವಕಪ್ ಗೆದ್ದಿತು. ನಮ್ಮ ರೋಜರ್ ಬಿನ್ನಿ ಆ ಕಪ್‌ನಲ್ಲಿ 18 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದರು, ವಿಕೆಟ್ ಹಿಂದೆ ಸೈಯದ್ ಕಿರ್ಮಾನಿ ಇದ್ದರು. ಗೆದ್ದವರಿಗೆ ಬಹುಮಾನ ಕೊಡಲು ಕ್ರಿಕೆಟ್ ಮಂಡಳಿಯ ಹತ್ತಿರ ಸಾಕಷ್ಟು ದುಡ್ಡಿರಲಿಲ್ಲ. ಲತಾ ಮಂಗೇಶ್ಕರ್ ದೆಹಲಿಯಲ್ಲಿ ಹಾಡಿ ಹಣ ಕೂಡಿಸಿಕೊಟ್ಟರು. ಅದರಿಂದ ಆಟಗಾರರಿಗೆ ತಲಾ ಒಂದು ಲಕ್ಷ ರೂಪಾಯಿ ಸಿಕ್ಕಿತು. ಆಗ ಆಟಗಾರರಿಗೆ ನಿಜವಾದ ಆಸರೆ ಎಂದರೆ ನೌಕರಿ. ಗುಂಡಪ್ಪ ವಿಶ್ವನಾಥ್ ಅವರಂಥ ಆಟಗಾರರೂ ಸ್ಟೇಟ್ ಬ್ಯಾಂಕಿನ ನೌಕರರಾಗಿದ್ದರು. ಪಂದ್ಯವನ್ನು ಟಿವಿಯಲ್ಲಿ ತೋರಿಸಲು ಮಂಡಳಿಯೇ ದೂರದರ್ಶನಕ್ಕೆ ಹಣ ಕಟ್ಟುತ್ತಿದ್ದ ಕಾಲವೂ ಇತ್ತು ಎಂದರೆ ಈಗಿನ ಮಕ್ಕಳು ನಗಬಹುದು.

ಈ ಲೆಕ್ಕವನ್ನು ತಿರುಗಿಸಿ ಹಾಕಿದವರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಹುಟ್ಟಿದವರು. ಹೆಸರು ಮಾರ್ಕ್ ಮಸ್ಕರೇನ್ಹಸ್. ಚಿಕ್ಕ ವಯಸ್ಸಿನಲ್ಲೇ ಅಮೆರಿಕಕ್ಕೆ ಹೋಗಿ, ಅಲ್ಲಿನ ಸಿಬಿಎಸ್ ಟಿವಿ ಕಂಪನಿಯ ಕ್ರೀಡಾ ವಿಭಾಗದಲ್ಲಿ ಕೆಲಸ ಕಲಿತು, 1989ರಲ್ಲಿ ವರ್ಲ್ಡ್‌ಟೆಲ್ ಎಂಬ ಸ್ವಂತ ಕಂಪನಿ ತೆರೆದರು. ಅಮೆರಿಕದವರಿಗೆ ಕ್ರಿಕೆಟ್ಟೇ ಗೊತ್ತಿರಲಿಲ್ಲ. ಆದರೆ ಕ್ರಿಕೆಟ್ ಎಂದರೆ ಊಟ ಬಿಟ್ಟು ಕೂರುವ ನಮ್ಮ ಜನ ಮಾರ್ಕ್ ಅವರಿಗೆ ಗೊತ್ತಿದ್ದರು.

1996ರ ವಿಶ್ವಕಪ್ ಭಾರತ, ಪಾಕಿಸ್ತಾನ, ಶ್ರೀಲಂಕಾಗಳಲ್ಲಿ ನಡೆಯಿತು. ಅದನ್ನು ಟಿವಿಯಲ್ಲಿ ತೋರಿಸುವ ಹಕ್ಕನ್ನು ಮಾರ್ಕ್ ಸುಮಾರು 1 ಕೋಟಿ ಡಾಲರಿಗೆ ಹಿಡಿದರು. ಆಗ ಒಂದು ಡಾಲರಿಗೆ ಸುಮಾರು 35 ರೂಪಾಯಿ. ಮಕ್ಕಳೇ, ಗುಣಿಸಿ ನೋಡಿ, 35 ಕೋಟಿ! ಇಷ್ಟು ಹಣಕ್ಕೆ ಮೊದಲೇ ಒಪ್ಪಿಕೊಂಡು, ಆಮೇಲೆ ದೇಶ ದೇಶದ ಟಿವಿ ಕಂಪನಿಗಳಿಗೆ ಬಿಡಿಬಿಡಿಯಾಗಿ ಮಾರಬೇಕು. ಮಾರಾಟ ಆಗದಿದ್ದರೆ ನಷ್ಟ ಅವರ ತಲೆಗೇ. ತೊಗರಿ ಹೊಲದಲ್ಲಿರುವಾಗಲೇ ಇಡೀ ಬೆಳೆಗೆ ಬೆಲೆ ಕಟ್ಟಿ ಮುಂಗಡ ಕೊಟ್ಟಂತೆ.

ಅದಕ್ಕೂ ಮೊದಲು, 1995ರಲ್ಲಿ, 22 ವರ್ಷದ ಸಚಿನ್ ತೆಂಡೂಲ್ಕರ್ ಜೊತೆ ಐದು ವರ್ಷದ ಕರಾರು ಮಾಡಿಕೊಂಡರು. ಮೊತ್ತ ಸುಮಾರು 30 ಕೋಟಿ ರೂಪಾಯಿ ಎಂದು ಪತ್ರಿಕೆಗಳಲ್ಲಿ ಬಂತು. ವರ್ಷಕ್ಕೆ 6 ಕೋಟಿ, ತಿಂಗಳಿಗೆ 50 ಲಕ್ಷ. ಒಬ್ಬ ಆಟಗಾರನಿಗೆ ಇಷ್ಟೇ, ಎಂದು ಆಗಿನ ಕಾಲದಲ್ಲಿ ನಮ್ಮ ದೇಶದಲ್ಲಿ ಯಾರೂ ಊಹಿಸಿರಲಿಲ್ಲ.

1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ–ಪಾಕಿಸ್ತಾನ ಕ್ವಾರ್ಟರ್ ಫೈನಲ್. ಅಲ್ಲಿ ದೀಪದ ಬೆಳಕಿನಲ್ಲಿ ನಡೆದ ಮೊದಲ ಪಂದ್ಯ ಅದು. ಸಿಧು 93 ರನ್ ಹೊಡೆದರು, ಅಜಯ್ ಜಡೇಜಾ 25 ಎಸೆತಕ್ಕೆ 45 ಚಚ್ಚಿದರು. ವೆಂಕಟೇಶ್ ಪ್ರಸಾದ್ ಆಮಿರ್ ಸೊಹೇಲ್‌ನ ಸ್ಟಂಪ್ ಹಾರಿಸಿದ್ದನ್ನು ನನ್ನ ವಯಸ್ಸಿನ ಮುತ್ಯಾಗಳನ್ನು ಕೇಳಿ, ಎದ್ದು ನಿಂತು ತೋರಿಸುತ್ತಾರೆ. ನಾವು 39 ರನ್‌ಗಳಿಂದ ಗೆದ್ದೆವು. ಮಾರ್ಕ್ ಹುಟ್ಟಿದ ಊರಿನಲ್ಲಿ, ಅವರು ಕೊಂಡ ಹಕ್ಕಿನ ಪಂದ್ಯವನ್ನು ಲೋಕವೆಲ್ಲಾ ನೋಡಿತು. ಕೆಲಸ, ಪ್ರಯಾಣ, ಖುಷಿ ಮೂರೂ ಒಂದೇ ಕಡೆ ಕೂಡಿದ ದಿನ ಎಂದರೆ ಅದು.

ಹಾಗಾದರೆ ಹುಡುಗರ ಆಸೆಯೇ ಸರಿ ಅಂದಂತಾಯಿತಲ್ಲ? ಸ್ವಲ್ಪ ತಡೆಯಿರಿ. ಈ ಕಸುಬಿನಲ್ಲಿ ಎಲ್ಲರೂ ಕಂಪನಿಯ ಮಾಲೀಕರಲ್ಲ. ಕೆಳಗಿನ ಮೆಟ್ಟಿಲಿನಿಂದ ಶುರುಮಾಡುವ ಹುಡುಗ ಅಥವಾ ಹುಡುಗಿಯ ದಿನ ಹೇಗಿರುತ್ತದೆ ನೋಡಿ. ಪಂದ್ಯಕ್ಕೆ ನಾಲ್ಕೈದು ದಿನ ಮೊದಲೇ ಆ ಊರಿಗೆ ಹೋಗಬೇಕು. ಬೌಂಡರಿ ಸುತ್ತ ನಿಲ್ಲುವ ಫಲಕಗಳನ್ನು ಟೇಪು ಹಿಡಿದು ಅಳೆಯಬೇಕು. ಹಣ ಕೊಟ್ಟ ಕಂಪನಿಯ ಹೆಸರು ಕ್ಯಾಮೆರಾಕ್ಕೆ ಎಲ್ಲಿಂದ ಕಾಣುತ್ತದೆ ಎಂದು ನಿಂತು ನೋಡಬೇಕು. ದೊಡ್ಡ ಪಂದ್ಯಗಳಲ್ಲಿ ಎದುರಾಳಿ ಕಂಪನಿಯ ಹೆಸರಿರುವ ಹಳೆಯ ಫಲಕ ಮಾತ್ರವಲ್ಲ, ಫ್ರಿಜ್ಜಿನ ಮೇಲಿನ ಹೆಸರಿಗೂ ಕಾಗದ ಅಂಟಿಸಿ ಮುಚ್ಚಬೇಕು. ಕಂಪನಿಯ ಅತಿಥಿಗಳನ್ನು ವಿಮಾನ ನಿಲ್ದಾಣದಿಂದ ಕರೆತರಬೇಕು, ಪಾಸು ಎಣಿಸಿ ಹಂಚಬೇಕು. ಒಂದು ಪಾಸು ಕಡಿಮೆ ಬಿದ್ದರೂ ಬೈಗುಳ ತಪ್ಪಿದ್ದಲ್ಲ. ಪಂದ್ಯ ನಡೆಯುವಾಗ ಎಷ್ಟೋ ಸಲ ಅವರ ಬೆನ್ನು ಪಿಚ್ಚಿನ ಕಡೆ, ಕಣ್ಣು ಟಿವಿಯ ಕಡೆ. ಸಿಕ್ಸರ್ ಬಿದ್ದಾಗ ಎಲ್ಲರೂ ಚೆಂಡು ನೋಡಿದರೆ ಇವರು ಚೆಂಡು ಬಿದ್ದ ಕಡೆಯ ಫಲಕ ನೋಡುತ್ತಾರೆ! ಮಧ್ಯರಾತ್ರಿ ಜನ ಮನೆಗೆ ಹೋದ ಮೇಲೆ ಸಾಮಾನು ಕಟ್ಟಿ, ಬೆಳಗಿನ ವಿಮಾನಕ್ಕೆ ಮುಂದಿನ ಊರು.

ಬ್ಯಾಂಕಿನಲ್ಲಿ ನಮಗೆ ಎರಡು ಬಗೆಯ ಪ್ರಯಾಣ ಇದ್ದವು. ಬ್ಯಾಂಕಿನ ಕೆಲಸಕ್ಕೆ ಹೋದರೆ ಟಿ.ಎ. ಬಿಲ್. ರಜೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಹೋದರೆ ಎಲ್.ಎಫ್.ಸಿ. ಎರಡಕ್ಕೂ ಬೇರೆ ಬೇರೆ ಫಾರ್ಮು. ಕೆಲಸದ ಮೇಲೆ ಚಿತ್ತಾಪುರಕ್ಕೆ ಹೋದವನು, ಕೆಲಸ ಮುಗಿದ ಮೇಲೆ ಸನ್ನತಿಯ ಚಂದ್ರಲಾಂಬೆಗೆ ಕೈಮುಗಿದು, ಕನಗನಹಳ್ಳಿಯ ಬೌದ್ಧ ಸ್ತೂಪ ನೋಡಿ ಬಂದರೆ ಯಾರೂ ತಪ್ಪು ಎನ್ನುವುದಿಲ್ಲ. ನನ್ನ ಮಟ್ಟಿಗೆ ಅದು ಒಳ್ಳೆಯದೇ. ನೋಡುವಂಥದ್ದು ಹತ್ತಿರ ಇದ್ದೂ ನೋಡದೆ ಬರುವವನು ದಡ್ಡ. ಆದರೆ ಎರಡು ನಿಯಮ ಇವೆ. ಮೊದಲು ಕೆಲಸ ಮುಗಿಯಬೇಕು, ಮತ್ತು ಸನ್ನತಿಯ ಬಸ್ ಚಾರ್ಜು ಟಿ.ಎ. ಬಿಲ್ಲಿನಲ್ಲಿ ಸೇರಬಾರದು.

ಕ್ರೀಡಾ ಮಾರ್ಕೆಟಿಂಗಿನ ತಿರುಗಾಟಕ್ಕೂ ಇದೇ ನಿಯಮ. ಕೆಲಸ ಅಸಲು, ಖುಷಿ ಬಡ್ಡಿ. ಅಸಲು ಭದ್ರವಾಗಿದ್ದರೆ ಬಡ್ಡಿ ತಾನಾಗಿ ಬರುತ್ತದೆ: ಹೊಸ ಊರಿನ ಬೆಳಗಿನ ತಿಂಡಿ, ಆಟಗಾರರ ಅಭ್ಯಾಸ ನೋಡುವ ಭಾಗ್ಯ, ನಾಲ್ಕು ಭಾಷೆಯ ಗೆಳೆಯರು. ಬಡ್ಡಿಗೆ ಆಸೆಪಟ್ಟು ಅಸಲಿಗೇ ಕೈಹಾಕಿದವನ ಖಾತೆ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ.

ಈ ಕಸುಬಿನಲ್ಲಿ ಇನ್ನೊಂದು ಗಟ್ಟಿ ಪ್ರಶ್ನೆ ಇದೆ. ಏನನ್ನು ಮಾರುವುದು? 1996ರ ಆ ವಿಶ್ವಕಪ್‌ಗೆ ಇದ್ದದ್ದು ಒಂದು ಸಿಗರೇಟಿನ ಹೆಸರು, ವಿಲ್ಸ್. ಆ ಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 523 ರನ್ ಹೊಡೆದ ಸಚಿನ್ ಬ್ಯಾಟಿನ ಮೇಲೆ ಮಾತ್ರ ಯಾವ ಕಂಪನಿಯ ಹೆಸರೂ ಇರಲಿಲ್ಲ. ತಂಬಾಕಿನ ಜಾಹೀರಾತು ಮಾಡುವುದಿಲ್ಲ ಎಂದು ತಂದೆಗೆ ಮಾತು ಕೊಟ್ಟಿದ್ದೆ, ಅಂಥ ಕಂಪನಿಯ ಸ್ಟಿಕರ್‌ಗೆ ಒಪ್ಪಲಿಲ್ಲ ಎಂದು ಅವರೇ ಆಮೇಲೆ ಹೇಳಿದ್ದಾರೆ. ತಂಬಾಕಿನ ಜಾಹೀರಾತಿಗೆ ತಡೆ ಹಾಕುವ ಕಾನೂನು ನಮ್ಮ ದೇಶದಲ್ಲಿ ಬಂದದ್ದು 2003ರಲ್ಲಿ. ಒಂದು ಮನೆಯಲ್ಲಿ ಅಪ್ಪ ಮಗನ ನಡುವೆ ಅದಕ್ಕೂ ಮೊದಲೇ ಆ ಕಾನೂನು ಆಗಿತ್ತು.

ಮಾರ್ಕ್ ಮಸ್ಕರೇನ್ಹಸ್ 2002ರ ಜನವರಿ 27ರಂದು ನಾಗಪುರದ ಹತ್ತಿರ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಬರೀ 44. ದೇಶ ದೇಶ ಸುತ್ತುವ ಕಸುಬಿನಲ್ಲಿ ಊರಿಂದ ಊರಿಗೆ ಓಡುವ ಹಾದಿಯೇ ಅರ್ಧ ಆಯುಷ್ಯ ತಿನ್ನುತ್ತದೆ. ಹೊರಗೆ ದುಡಿಯುವ ಮಕ್ಕಳಿಗೆ ಫೋನಿನಲ್ಲಿ "ರಾತ್ರಿ ಗಾಡಿ ಓಡಿಸಬ್ಯಾಡಪ್ಪಾ" ಎನ್ನುವ ಆಯಿ, ಮುತ್ಯಾಗಳ ಮಾತು ಸುಮ್ಮನೆ ಅಲ್ಲ.

ಹನ್ನೊಂದು ವರ್ಷ ಕಳೆದವು. 2013ರ ನವೆಂಬರ್ 16ರಂದು ಮುಂಬೈಯ ವಾಂಖೆಡೆ ಮೈದಾನದಲ್ಲಿ ಸಚಿನ್ ವಿದಾಯದ ಮಾತು ಆಡಿದರು. ಕೈಯಲ್ಲಿ ಹೆಸರುಗಳ ಪಟ್ಟಿ ಇತ್ತು. ತಂದೆ, ತಾಯಿ, ಅಣ್ಣ, ಗುರು, ಹೆಂಡತಿ, ಮಕ್ಕಳು, ಗೆಳೆಯರು. ಆ ಪಟ್ಟಿಯಲ್ಲಿ ಮಾರ್ಕ್ ಕೂಡ ಇದ್ದರು. ದೇಶಕ್ಕಾಗಿ ಆಡುವುದೆಂದರೇನು ಎಂದು ಅವರಿಗೆ ತಿಳಿದಿತ್ತು, ಈ ಜಾಹೀರಾತು ಮಾಡು, ಆ ಕಾರ್ಯಕ್ರಮಕ್ಕೆ ಬಾ ಎಂದು ಎಂದೂ ಒತ್ತಾಯ ಮಾಡಲಿಲ್ಲ, ಅದನ್ನೆಲ್ಲಾ ತಾವೇ ನೋಡಿಕೊಂಡರು ಎಂಬ ಅರ್ಥದಲ್ಲಿ ಸಚಿನ್ ನೆನೆದರು. ಕೋಟಿಗಳ ಮಾತು ಅಲ್ಲಿ ಬರಲಿಲ್ಲ. ಆಟಗಾರನ ಹೆಸರು ಮಾರುವುದೇ ಯಾರ ಕೆಲಸವೋ, ಅವರೇ ಆಟಗಾರನ ಸಮಯ ಕಾಯ್ದರು. ದುಡ್ಡು ಕೊಡುವವರಿಗೆ "ಈಗ ಆಗುವುದಿಲ್ಲ, ಅವರು ಅಭ್ಯಾಸದಲ್ಲಿದ್ದಾರೆ" ಎಂದು ಹೇಳುವ ಧೈರ್ಯ ಈ ಕಸುಬಿನ ದೊಡ್ಡ ವಿದ್ಯೆ ಎಂದು ನನಗೆ ಅನಿಸುತ್ತದೆ.

ಆದ್ದರಿಂದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಹುಡುಗರು ಇಂಥ ಕನಸು ಹೇಳಿದರೆ ನಗಬೇಡಿ. ಬದಲಿಗೆ ಕೆಲಸ ಹಚ್ಚಿ. ಊರ ಕಬಡ್ಡಿ ಪಂದ್ಯದ ಚಂದಾ ಪುಸ್ತಕ ಅವರ ಕೈಗೆ ಕೊಡಿ. ಯಾರು ಎಷ್ಟು ಕೊಟ್ಟರು, ಶಾಮಿಯಾನಕ್ಕೆಷ್ಟು, ಶೀಲ್ಡಿಗೆಷ್ಟು, ಉಳಿದದ್ದೆಷ್ಟು ಎಂದು ಬರೆದು ಪಂದ್ಯದ ಮರುದಿನ ಎಲ್ಲರ ಮುಂದೆ ಓದಲಿ. ಲೆಕ್ಕ ಕೂಡಿದರೆ ಆ ಹುಡುಗ ಹೈದರಾಬಾದಿಗೂ ಹೋಗಬಲ್ಲ, ಲಂಡನ್ನಿಗೂ ಹೋಗಬಲ್ಲ.

ಮಕ್ಕಳಿಗೆ ಈ ವಾರದ ಕೆಲಸ: ಟಿವಿಯಲ್ಲಿ ಪಂದ್ಯ ಬಂದಾಗ ಮುತ್ಯಾ ಅಥವಾ ಆಯಿಯನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ. ಒಂದೇ ಒಂದು ಓವರ್. ಆರು ಎಸೆತದಲ್ಲಿ ಅಂಗಿ, ಬ್ಯಾಟು, ಫಲಕ, ಸ್ಟಂಪು ಎಲ್ಲಾ ಸೇರಿ ಎಷ್ಟು ಕಂಪನಿಯ ಹೆಸರು ಕಂಡಿರಿ, ಪಟ್ಟಿ ಮಾಡಿ. ನಿಮ್ಮ ಪಟ್ಟಿ ಉದ್ದವೋ ಅವರದೋ ನೋಡಿ. ಆಮೇಲೆ ಇಬ್ಬರೂ ಕೂಡಿ, ಎಷ್ಟು ದುಡ್ಡು ಕೊಟ್ಟರೂ ನಾವು ಇದನ್ನು ಮಾರುವುದಿಲ್ಲ ಎನಿಸುವ ಹೆಸರುಗಳ ಮುಂದೆ ಕೆಂಪು ಪೆನ್ನಿನಿಂದ ಒಂದು ಗುರುತು ಹಾಕಿ.