ಒಲ್ಲೆನೆಂದ ಆಟಗಾರ

ಇಟಲಿ ದೇಶದ ಕಾಲ್ಚೆಂಡಾಟಗಾರ ಜೀಜಿ ರೀವಾ ೨೦೨೪ರ ಜನವರಿಯಲ್ಲಿ ತೀರಿಕೊಂಡಾಗ ಆತನನ್ನು ಕುರಿತು ಬಂದ ಬರಹಗಳನ್ನು ಸಿಕ್ಕಿದಷ್ಟು ಓದಿದೆ. ಹೆಚ್ಚಿನವು ಒಂದೇ ಮಾತನ್ನು ಹೇಳಿದವು: ಸಿರಿವಂತ ತಂಡಗಳ ಹಣವನ್ನು ಕಾಲಿನಿಂದೊದೆದು ಬಡ ದ್ವೀಪವೊಂದರಲ್ಲಿ ಉಳಿದುಕೊಂಡ ತ್ಯಾಗಿ ಈತ, ಎಂದು. ನನಗೆ ಈ ‘ತ್ಯಾಗಿ’ ಎಂಬ ಪದ ಒಪ್ಪಿಗೆಯಾಗಲಿಲ್ಲ. ನಮ್ಮಲ್ಲಿಯೂ ಒಬ್ಬನ ನಡತೆ ನಮಗೆ ಅರ್ಥವಾಗದಿದ್ದರೆ ಅದಕ್ಕೊಂದು ತ್ಯಾಗದ ಹಾರ ಹಾಕಿ ಸುಮ್ಮನಾಗುವ ಪದ್ಧತಿಯುಂಟು. ರೀವಾ ಮಾಡಿದ್ದು ತ್ಯಾಗವಲ್ಲ, ಅದಕ್ಕಿಂತ ಅಪರೂಪವಾದುದು ಎಂಬುದು ನನ್ನ ಅಭಿಪ್ರಾಯ.

ಮೊದಲು ಆತನ ಬಾಳನ್ನು ನೋಡೋಣ. ಲುಯಿಜಿ ರೀವಾ ಹುಟ್ಟಿದ್ದು ೧೯೪೪ರ ನವೆಂಬರ್ ೭ರಂದು, ಇಟಲಿಯ ಉತ್ತರದಲ್ಲಿ ಮಜ್ಜೋರೆ ಸರೋವರದ ಬಳಿಯ ಲೆಜ್ಜ್ಯೂನೊ ಎಂಬ ಸಣ್ಣ ಊರಿನಲ್ಲಿ. ಒಂಬತ್ತನೆಯ ವಯಸ್ಸಿನಲ್ಲಿ ತಂದೆ ಕೆಲಸದ ಜಾಗದಲ್ಲಿ ನಡೆದ ಅಪಘಾತಕ್ಕೆ ಬಲಿಯಾದರು. ತಾಯಿ ದುಡಿಯಲು ಹೋಗಬೇಕಾಗಿ ಬಂದು ಹುಡುಗನನ್ನು ಪಾದ್ರಿಗಳ ವಸತಿಶಾಲೆಗೆ ಸೇರಿಸಿದರು. ಬಡವರ ಮಕ್ಕಳಿಗೆ ಅಲ್ಲಿ ಅನ್ನದ ಜೊತೆಗೆ ಸಿಕ್ಕುತ್ತಿದ್ದ ಅವಮಾನವನ್ನು ಆತ ಮುಂದೆ ಯಾವಾಗಲೂ ಕಹಿಯಿಂದಲೇ ನೆನೆಯುತ್ತಿದ್ದ. ಹದಿಹರೆಯ ಮುಗಿಯುವುದರೊಳಗೆ ತಾಯಿಯೂ ಹೋದರು. ಉಳಿದದ್ದು ಅಕ್ಕ ಮತ್ತು ಎಡಗಾಲು. ಆ ಎಡಗಾಲಿನ ಹೊಡೆತವನ್ನು ಮೂರನೆಯ ದರ್ಜೆಯ ಲೆನ್ಯಾನೊ ತಂಡದಲ್ಲಿ ಕಂಡವರು ೧೯೬೩ರಲ್ಲಿ ಆತನನ್ನು ಕಾಲ್ಯಾರಿ ತಂಡಕ್ಕೆ ಕೊಂಡರು. ‘ಕೊಂಡರು’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಾಲ್ಯಾರಿ ಸಾರ್ಡೀನಿಯ ದ್ವೀಪದ ಮುಖ್ಯ ನಗರ. ಉತ್ತರದ ಇಟಲಿಯವರಿಗೆ ಆ ಕಾಲದಲ್ಲಿ ಸಾರ್ಡೀನಿಯವೆಂದರೆ ಕುರಿಗಾಹಿಗಳು ಮತ್ತು ದರೋಡೆಕೋರರ ನಾಡು. ತಪ್ಪು ಮಾಡಿದ ನೌಕರರನ್ನು ವರ್ಗ ಮಾಡುವ ಜಾಗ. ನಮ್ಮ ಕಡೆಯ ನೌಕರರಿಗೆ ‘ಶಿಕ್ಷೆಯ ವರ್ಗ’ ಎಂದರೆ ಬೇರೆ ವಿವರಣೆ ಬೇಕಿಲ್ಲ. ಹದಿನೆಂಟರ ಹುಡುಗನೂ ಅಳುಕುತ್ತಲೇ ಹೋದ, ಒಂದು ವರ್ಷವಿದ್ದು ಹಿಂದಿರುಗಿದರಾಯಿತು ಎಂದುಕೊಂಡು. ತಂಡ ಆಗ ಎರಡನೆಯ ದರ್ಜೆಯಲ್ಲಿತ್ತು. ೧೯೬೪ರಲ್ಲಿ ಅದು ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ಮೊದಲ ದರ್ಜೆಗೇರಿತು. ರೀವಾ ಹಿಂದಿರುಗಲಿಲ್ಲ.

ಆಟದ ವಿಷಯ ಹೇಳದೆ ಮುಂದೆ ಹೋದರೆ ಗೆಳೆಯರು ಕ್ಷಮಿಸುವುದಿಲ್ಲ. ನಾನು ನೋಡಿರುವುದು ಹಳೆಯ ಮಸುಕು ಚಿತ್ರಗಳನ್ನು ಮಾತ್ರ, ಅದೂ ಫೋನಿನಲ್ಲಿ. ೧೯೬೯ರ ನವೆಂಬರಿನಲ್ಲಿ ನೇಪಲ್ಸ್ ನಗರದಲ್ಲಿ ಪೂರ್ವ ಜರ್ಮನಿಯ ಮೇಲೆ ಹೊಡೆದ ಗೋಲೊಂದಿದೆ. ಚೆಂಡು ಕಾಲಿಗೆ ಸಿಗದಷ್ಟು ಮುಂದೆ, ತಲೆಗೆ ಸಿಗದಷ್ಟು ಕೆಳಗೆ ಬರುತ್ತದೆ. ಈತ ನೆಲಕ್ಕೆ ಸಮಾನಾಂತರವಾಗಿ ಮೈಚಾಚಿ ಹಾರಿ, ಬೇರೆಯವರು ಒದೆಯುವ ಎತ್ತರದಲ್ಲಿ ತಲೆಕೊಟ್ಟು ಹೊಡೆಯುತ್ತಾನೆ. ನಾನು ಅದನ್ನು ಎಷ್ಟು ಸಲ ನೋಡಿದ್ದೇನೆಂದು ಲೆಕ್ಕವಿಲ್ಲ. ಜಾನ್ನಿ ಬ್ರೇರಾ ಎಂಬ ಹೆಸರಾಂತ ಪತ್ರಕರ್ತ ಆತನಿಗೆ ‘ಗುಡುಗಿನ ಮೊರೆತ’ ಎಂದು ಹೆಸರಿಟ್ಟ. ದೇಶದ ಪರವಾಗಿ ೪೨ ಪಂದ್ಯಗಳಲ್ಲಿ ೩೫ ಗೋಲು. ಇಟಲಿಯಲ್ಲಿ ಇದನ್ನು ಇಂದಿಗೂ ಯಾರೂ ಮೀರಿಲ್ಲ. ೧೯೬೮ರಲ್ಲಿ ಇಟಲಿ ಯೂರೋಪಿನ ಪ್ರಶಸ್ತಿ ಗೆದ್ದಾಗ ಮರುಪಂದ್ಯದ ಮೊದಲ ಗೋಲು ಈತನದೇ. ಪೋರ್ಚುಗಲ್ ಎದುರು ೧೯೬೭ರಲ್ಲಿ ಎಡಗಾಲು ಮುರಿಯಿತು, ಆಸ್ಟ್ರಿಯದ ಎದುರು ೧೯೭೦ರಲ್ಲಿ ಬಲಗಾಲು. ಎರಡೂ ದೇಶದ ಅಂಗಿ ತೊಟ್ಟಿದ್ದಾಗಲೇ.

ಆದರೆ ಸಾರ್ಡೀನಿಯದವರು ಆತನನ್ನು ನೆನೆಯುವುದು ಬೇರೆಯ ಕಾರಣಕ್ಕೆ. ೧೯೭೦ರ ಏಪ್ರಿಲ್ ೧೨ರಂದು ಬಾರಿ ತಂಡವನ್ನು ೨–೦ ಗೋಲುಗಳಿಂದ ಸೋಲಿಸಿ ಕಾಲ್ಯಾರಿ ಇಟಲಿಯ ಚಾಂಪಿಯನ್ ಆಯಿತು. ಅದುವರೆಗೆ ರೋಮಿನ ದಕ್ಷಿಣಕ್ಕಿರುವ ಯಾವ ಊರಿಗೂ ಆ ಪಟ್ಟ ದೊರೆತಿರಲಿಲ್ಲ. ತಂಡವನ್ನು ಪಳಗಿಸಿದವನು ಮಾನ್ಲಿಯೊ ಸ್ಕೋಪಿನ್ಯೊ, ಜನ ‘ತತ್ತ್ವಜ್ಞಾನಿ’ ಎಂದು ಕರೆಯುತ್ತಿದ್ದ ಶಿಕ್ಷಕ. ಮೂವತ್ತು ಪಂದ್ಯಗಳಲ್ಲಿ ಅವರು ಬಿಟ್ಟುಕೊಟ್ಟ ಗೋಲುಗಳು ಹನ್ನೊಂದೇ. ರೀವಾ ಒಬ್ಬನೇ ಹೊಡೆದದ್ದು ೨೧. ಆ ದಿನಗಳಲ್ಲಿ ಹೊಟ್ಟೆಪಾಡಿಗಾಗಿ ದ್ವೀಪ ಬಿಟ್ಟವರು ಲೆಕ್ಕವಿಲ್ಲದಷ್ಟು. ಕೆಲವರು ಟ್ಯೂರಿನ್ ಮತ್ತು ಮಿಲಾನಿನ ಕಾರ್ಖಾನೆಗಳಿಗೆ, ಕೆಲವರು ಜರ್ಮನಿಗೆ ಹೋದರು. ತಮ್ಮ ತಂಡ ಉತ್ತರಕ್ಕೆ ಆಡಲು ಬಂದ ಭಾನುವಾರ ಈ ಕೂಲಿಗಳು ಮೈದಾನಕ್ಕೆ ಬರುತ್ತಿದ್ದರು. ಸುತ್ತ ಕುಳಿತವರು ಕುರಿಕಾಯುವವರೆಂದು ಹೀಯಾಳಿಸುತ್ತಿರುವಾಗ, ವಾರವೆಲ್ಲ ತಲೆ ತಗ್ಗಿಸಿ ದುಡಿದ ಊರಿನಲ್ಲಿ ಒಂದು ದಿನ ತಲೆಯೆತ್ತಿ ಕೂರುತ್ತಿದ್ದರು.

ಇನ್ನು ‘ಒಲ್ಲೆ’ ಎಂದ ಸಂಗತಿ. ಟ್ಯೂರಿನ್ನಿನ ಯುವೆಂಟಸ್ ತಂಡ ಆತನನ್ನು ಪಡೆಯಲು ಒಮ್ಮೆಯಲ್ಲ, ಹಲವು ಸಲ ಯತ್ನಿಸಿತು. ಅದು ಫಿಯಟ್ ಕಾರುಗಳ ಒಡೆಯರಾದ ಅನ್ಯೆಲ್ಲಿ ಮನೆತನದ ತಂಡ. ಸಾರ್ಡೀನಿಯದ ಕೂಲಿಗಳು ಕೆಲಸ ಹುಡುಕಿ ಹೋದದ್ದೂ ಅದೇ ಫಿಯಟ್ ಕಾರ್ಖಾನೆಗೆ! ೧೯೭೩ರಲ್ಲಂತೂ ನೂರು ಕೋಟಿ ಲಿರಾಗಳ ಮಾತು ಪತ್ರಿಕೆಗಳಲ್ಲಿ ಬಂದಿತು. ಎಲ್ಲ ಸಿದ್ಧವಾಗಿತ್ತು, ರೀವಾ ಹೋಗಲಿಲ್ಲ.

ನನ್ನ ಗೆಳೆಯನೊಬ್ಬ ಇದನ್ನು ಕೇಳಿ, “ಅಷ್ಟು ಹೆಸರು, ಅಷ್ಟು ಸಂಬಳ ಇದ್ದವನಿಗೆ ಬೇಡವೆನ್ನುವುದು ಏನು ಮಹಾ ಕಷ್ಟ?” ಎಂದ. ಮಾತು ಹಗುರವಾದುದಲ್ಲ. ರೀವಾ ಉಪವಾಸವಿದ್ದು ದ್ವೀಪದಲ್ಲಿ ಉಳಿದವನಲ್ಲ. ಆದರೆ ಆಗಿನ ಇಟಲಿಯ ಕಟ್ಟಳೆಯನ್ನು ಗೆಳೆಯ ಗಮನಿಸಲಿಲ್ಲ. ಆಟಗಾರ ಒಮ್ಮೆ ಸಹಿ ಹಾಕಿದನೆಂದರೆ ಕರಾರು ಮುಗಿದರೂ ತಂಡದ ಹಿಡಿತ ಮುಗಿಯುತ್ತಿರಲಿಲ್ಲ. ಮಾರುವವರು ಅವರೇ, ಕೊಳ್ಳುವವರು ಅವರಂಥವರೇ. ಈ ಕಟ್ಟನ್ನು ಬಿಡಿಸಿದ ಕಾನೂನು ಬಂದದ್ದು ೧೯೮೧ರಲ್ಲಿ. ರೀವಾ ಆಡುವುದನ್ನು ಬಿಟ್ಟು ಆಗಲೇ ವರುಷಗಳಾಗಿದ್ದುವು. ಸಂತೆಯ ಹೋರಿಯ ವ್ಯಾಪಾರದಲ್ಲಿ ಇಬ್ಬರು ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಹಳ್ಳಿಯಿಂದ ಬಂದ ನಾವೆಲ್ಲ ಕಂಡಿದ್ದೇವೆ. ಅಲ್ಲಿ ಹೋರಿಯೇ ಬಾಯಿ ತೆರೆದು “ನಾನು ಬರುವುದಿಲ್ಲ” ಎಂದರೆ ಹೇಗಿದ್ದೀತು? ಆತ ಮಾಡಿದ್ದು ಅದು.

ಇನ್ನೊಂದು ಮಾತು. ಹುಟ್ಟಿದ ಮಣ್ಣಿನ ಪ್ರೀತಿಯಿಂದ ಉಳಿದ ಎನ್ನುವವರಿದ್ದಾರೆ. ಅದು ಸರಿಯಲ್ಲ. ಆತ ಹುಟ್ಟಿದ ಮಣ್ಣು ಉತ್ತರದಲ್ಲಿ, ಮಿಲಾನ್ ಟ್ಯೂರಿನ್‌ಗಳ ಕಡೆಯಲ್ಲೇ ಇತ್ತು. ಮಣ್ಣಿನ ಋಣವೇ ಮುಖ್ಯವಾಗಿದ್ದರೆ ಆತ ಹಡಗು ಹತ್ತಿ ಹೋಗಬೇಕಾಗಿತ್ತು. ತಂದೆತಾಯಿಗಳು ಸತ್ತ ಮೇಲೆ ಯಾವ ಜನ ಅವನನ್ನು ಮನೆಗೆ ಕರೆದು ಊಟಕ್ಕೆ ಕೂರಿಸಿದರೋ ಅವರನ್ನು ಆತ ಆರಿಸಿಕೊಂಡ. ಅದು ಸಾಲ ತೀರಿಸಿದ್ದೂ ಅಲ್ಲ, ಏನನ್ನೋ ಬಿಟ್ಟುಕೊಟ್ಟದ್ದೂ ಅಲ್ಲ. ತನಗೆ ಬೇಕಾದುದನ್ನು ಇಟ್ಟುಕೊಂಡದ್ದು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ನನಗೊಂದು ಸ್ವಂತ ಕಾರಣವುಂಟು. ನಮ್ಮ ಮನೆಯಲ್ಲಿ ಪದವಿಯ ಬಾಗಿಲಿಗೆ ಬಂದವನು ನಾನೇ ಮೊದಲಿಗ. ಈಚೆಗೆ ಊರಿನಲ್ಲಿ ಎದುರಾದವರೆಲ್ಲ “ಮುಂದೆ ಬೆಂಗಳೂರು ತಾನೆ?” ಎನ್ನುತ್ತಾರೆ. ವೇದಿಕೆಯ ಮೇಲಿನ ಹಿರಿಯರು “ಹಳ್ಳಿಗೆ ಹಿಂದಿರುಗಿ, ಋಣ ತೀರಿಸಿ” ಎನ್ನುತ್ತಾರೆ. ಭಾಷಣ ಮುಗಿಸಿ ತಾವು ಸಂಜೆಯ ಬಸ್ಸಿಗೆ ಪಟ್ಟಣ ಸೇರುತ್ತಾರೆ. ಎರಡು ಮಾತಿನಲ್ಲಿಯೂ “ನಿನಗೇನು ಬೇಕಪ್ಪ?” ಎಂಬ ಪ್ರಶ್ನೆ ಇಲ್ಲ. ಟ್ಯೂರಿನ್ನಿಗೆ ಹೋದ ಸಾರ್ಡೀನಿಯದ ಕೂಲಿಗೂ ಅದನ್ನು ಯಾರೂ ಕೇಳಿರಲಿಲ್ಲ. ಆತನ ‘ಒಲ್ಲೆ’ಗೆ ಬೆಲೆಯಿರಲಿಲ್ಲ, ಹಸಿವಿಗೆ ಮಾತ್ರ ಇತ್ತು. ಆದುದರಿಂದಲೇ ರೀವಾನ ‘ಒಲ್ಲೆ’ಯನ್ನು ಆ ಕೂಲಿಗಳು ತಮ್ಮದೇ ಎಂಬಂತೆ ಎತ್ತಿಕೊಂಡರೆಂದು ನನಗೆ ತೋರುತ್ತದೆ.

ಆತನ ನಿರ್ಧಾರದಿಂದ ನಷ್ಟವೇ ಆಗಲಿಲ್ಲವೆಂದು ನಾನು ವಾದಿಸುವುದಿಲ್ಲ. ಎಪ್ಪತ್ತರ ದಶಕದಲ್ಲಿ ಯುವೆಂಟಸ್ ಐದು ಸಲ ಚಾಂಪಿಯನ್ ಆಯಿತು. ರೀವಾನಿಗೆ ದೊರೆತದ್ದು ಆ ಒಂದೇ ಪಟ್ಟ. ೧೯೭೬ರ ಫೆಬ್ರವರಿಯಲ್ಲಿ ಮಿಲಾನ್ ಎದುರಿನ ಪಂದ್ಯದಲ್ಲಿ ಬಿದ್ದ ಪೆಟ್ಟಿನಿಂದ ಆತನ ಆಟವೇ ನಿಂತಿತು. ಅದೇ ವರ್ಷ ಕಾಲ್ಯಾರಿ ಎರಡನೆಯ ದರ್ಜೆಗೆ ಜಾರಿತು. ಆಮೇಲೆಯೂ ಆತ ಆ ಊರು ಬಿಡಲಿಲ್ಲ. ಬಹುಕಾಲ ರಾಷ್ಟ್ರೀಯ ತಂಡದ ಅಧಿಕಾರಿಯಾಗಿ ದೇಶ ಸುತ್ತಿದರೂ ಮನೆ ಅಲ್ಲಿಯೇ ಇತ್ತು. ೨೦೦೫ರಲ್ಲಿ ಕಾಲ್ಯಾರಿ ತಂಡ ಆತನ ೧೧ನೆಯ ಸಂಖ್ಯೆಯ ಅಂಗಿಯನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ತೀರ್ಮಾನಿಸಿತು. ೨೦೨೪ರ ಜನವರಿ ೨೨ರಂದು ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ಆತ ಕಾಲ್ಯಾರಿಯಲ್ಲೇ ಕಣ್ಣು ಮುಚ್ಚಿದ. ಎರಡು ದಿನಗಳ ಮೇಲೆ ಬೊನಾರಿಯಾ ಗುಡ್ಡದ ಇಗರ್ಜಿಯಲ್ಲಿ ಅಂತ್ಯಕ್ರಿಯೆ ನಡೆದಾಗ ಒಳಗೆ ಜಾಗ ಸಾಲದೆ ಸಾವಿರಾರು ಜನ ಹೊರಗೆ ಬಯಲಿನಲ್ಲಿ ನಿಂತಿದ್ದರು. ಅವರಲ್ಲಿ ಬಹುಮಂದಿ ಆತನ ಆಟವನ್ನು ಕಣ್ಣಾರೆ ಕಾಣುವಷ್ಟು ವಯಸ್ಸಾದವರಲ್ಲ.