ಕುದುರೆ ನಿಂತಿತೆ? ಕೈ ನೋಡಿಕೊಳ್ಳಿ

ಅಡ್ಡಗೋಲು ನೆಲದಿಂದ ಎದ್ದಿರುವುದು ಎರಡೇ ಅಡಿ. ಕುದುರೆಗೆ ಅದೊಂದು ಲೆಕ್ಕವೇ ಅಲ್ಲ. ಆದರೂ ಹತ್ತಿರ ಬಂದದ್ದೇ ತಡ, ಮುಂಗಾಲು ಊರಿ ನಿಂತುಬಿಡುತ್ತದೆ. ಸವಾರ ಅದರ ಕುತ್ತಿಗೆಯ ಮೇಲೆ ಮುಗ್ಗರಿಸುತ್ತಾನೆ. ಎರಡನೆಯ ಸಲವೂ ಅದೇ ಕತೆ. ಮೂರನೆಯ ಸಲ ಕುದುರೆಗಿಂತ ಮೊದಲು ಸವಾರನ ಧೈರ್ಯವೇ ನಿಂತುಹೋಗಿರುತ್ತದೆ! ‘ಇದು ಮೊಂಡು ಕುದುರೆ’ ಎಂಬ ಹಣೆಪಟ್ಟಿ ಹಚ್ಚಲು ಇನ್ನೇನು ಬೇಕು?

ಚಾವಟಿ ಎತ್ತುವ ಮೊದಲು ನೋಡಬೇಕಾದ ಸಂಗತಿಗಳು ಹಲವು. ಬೆನ್ನು ನೋಯುತ್ತಿದೆಯೆ, ಜೀನು ಒತ್ತುತ್ತಿದೆಯೆ, ಹಲ್ಲು ಅಥವಾ ಗೊರಸಿನಲ್ಲಿ ತೊಂದರೆಯೆ? ನೋವಿರುವ ಪ್ರಾಣಿಗೆ ಹಾರಲಾರೆ ಎಂದು ಹೇಳಲು ಬೇರೆ ಭಾಷೆಯಿಲ್ಲ. ಇದಾವುದೂ ಇಲ್ಲವೆಂದು ಖಚಿತವಾದರೆ ಆಮೇಲೆ ನೋಡಬೇಕಾದದ್ದು ಸವಾರನ ಕೈ.

ಕುದುರೆಯ ಕಣ್ಣುಗಳಿರುವುದು ತಲೆಯ ಎರಡು ಪಕ್ಕಗಳಲ್ಲಿ. ಸುತ್ತಲಿನ ಬಹುಪಾಲು ಅದಕ್ಕೆ ಕಾಣುತ್ತದೆ. ಮೂಗಿನ ನೇರಕ್ಕೆ ತೀರ ಹತ್ತಿರವಿರುವುದು ಕಾಣದು. ಆದ್ದರಿಂದ ದೂರದಿಂದಲೇ ತಲೆಯಾಡಿಸಿ ಅದು ಅಳತೆ ಹಾಕಿಕೊಳ್ಳಬೇಕು. ಅದೇ ಹೊತ್ತಿಗೆ ಅಳುಕಿದ ಸವಾರ ಲಗಾಮು ಬಿಗಿಹಿಡಿದರೆ? ಅವನ ಕಾಲು ‘ಹೋಗು’ ಎನ್ನುತ್ತದೆ, ಕೈ ‘ನಿಲ್ಲು’ ಎನ್ನುತ್ತದೆ. ಪಾಪ, ಕುದುರೆ ಯಾರ ಮಾತು ಕೇಳಬೇಕು? ಹೇಗೋ ಹಾರಿದರೂ ಕಡಿವಾಣ ಬಾಯಿಯನ್ನು ಜಗ್ಗುತ್ತದೆ. ಹಾರಿದರೆ ನೋವು ಎಂಬ ಪಾಠವನ್ನು ಅದು ಬಹುಬೇಗ ಕಲಿಯುತ್ತದೆ.

ಈ ತಪ್ಪು ಹೊಸಬರದಷ್ಟೇ ಅಲ್ಲ. 19ನೆಯ ಶತಮಾನದಲ್ಲಿ ಯೂರೋಪಿನ ಪಳಗಿದ ಸೈನಿಕ ಸವಾರರೂ ಹಾರುವಾಗ ಹಿಂದಕ್ಕೆ ವಾಲಿ ಲಗಾಮು ಎಳೆಯುತ್ತಿದ್ದರು. ಇಟಲಿಯ ಅಶ್ವದಳದ ಅಧಿಕಾರಿ ಫೆಡೆರಿಕೊ ಕಾಪ್ರಿಲ್ಲಿ (1868-1907) ಸವಾರನಿಲ್ಲದ ಕುದುರೆ ಹೇಗೆ ಹಾರುತ್ತದೆಂದು ಗಮನಿಸಿದ. ಅದು ಕುತ್ತಿಗೆಯನ್ನು ಮುಂದಕ್ಕೆ ಚಾಚುತ್ತದೆ. ಹಾಗಾದರೆ ಸವಾರನೂ ಮುಂದಕ್ಕೆ ಬಾಗಲಿ, ಅವನ ಕೈ ಕುದುರೆಯ ಬಾಯನ್ನು ಹಿಂಬಾಲಿಸಲಿ ಎಂದ. ಇಂದು ಜಗತ್ತಿನೆಲ್ಲೆಡೆ ಸವಾರರು ಬೇಲಿ ಹಾರುವುದು ಈ ಭಂಗಿಯಲ್ಲೇ. ಹಾರುವಾಗ ಬಾಯಿ ಜಗ್ಗದಂತೆ ಕುತ್ತಿಗೆಯ ಕೂದಲು ಹಿಡಿದುಕೊಳ್ಳಿ ಎಂದು ಗ್ರೀಸಿನ ಝೆನೊಫನ್ 2,300 ವರ್ಷಗಳಿಗೂ ಹಿಂದೆಯೇ ಬರೆದಿಟ್ಟಿದ್ದ! ಹೊಸ ಸವಾರ ಹಾಗೆ ಹಿಡಿದರೆ ನಾಚಿಕೆಪಡಬೇಕಾದ್ದಿಲ್ಲ.

ಕಳೆದುಹೋದ ಧೈರ್ಯ ಮರಳಿ ಬರುವುದು ನೆಲದಿಂದಲೇ. ಮೊದಲು ಗೋಲನ್ನು ನೆಲದ ಮೇಲೆ ಮಲಗಿಸಿ, ಅದರ ಮೇಲೆ ಕುದುರೆಯನ್ನು ಸುಮ್ಮನೆ ನಡೆಸಬೇಕು. ಆಮೇಲೆ ಸುಮಾರು ನಾಲ್ಕೂವರೆ ಅಡಿಗೊಂದರಂತೆ ಮೂರ್ನಾಲ್ಕು ಗೋಲುಗಳನ್ನಿಟ್ಟು ಟ್ರಾಟ್ ನಡೆ. ಕುದುರೆಯ ಹೆಜ್ಜೆ ನೋಡಿ ಅಂತರವನ್ನು ಹೊಂದಿಸಿಕೊಳ್ಳಬೇಕು. ಉಸಿರು, ಲಯ ಎರಡೂ ಹಿಡಿತಕ್ಕೆ ಬಂದ ಮೇಲೆ ಎರಡು ಗೋಲುಗಳನ್ನು ಕತ್ತರಿಯಾಕಾರದಲ್ಲಿಟ್ಟ ಪುಟ್ಟ ತಡೆ. ನಡುವೆ ತಗ್ಗಾಗಿರುವುದರಿಂದ ಎಲ್ಲಿ ಹಾರಬೇಕೆಂಬುದು ಕುದುರೆಗೆ ತಾನಾಗಿಯೇ ತಿಳಿಯುತ್ತದೆ. ಸವಾರನ ದೃಷ್ಟಿ ಮಾತ್ರ ಗೋಲಿನ ಮೇಲಲ್ಲ, ಅದರಾಚೆಯ ಮರದ ಮೇಲಿರಬೇಕು. ಕುದುರೆ ಮತ್ತೆ ನಿಂತರೆ ಸಿಟ್ಟು ಬೇಡ, ತಡೆಯನ್ನು ತಗ್ಗಿಸಿದರಾಯಿತು.

ಒಂದು ಮಾತು ಮರೆಯುವಂತಿಲ್ಲ. ಹೆದರಿದ ಸವಾರ, ಹೆದರಿದ ಕುದುರೆ – ಇವರಿಬ್ಬರ ಜೋಡಿ ಒಳ್ಳೆಯದಲ್ಲ. ಅಂಥ ಕುದುರೆಯನ್ನು ಕೆಲವು ದಿನ ಅನುಭವಿ ಗುರು ಹಾರಿಸಲಿ. ಶಿಷ್ಯ ಸಾಧು ಕುದುರೆಯ ಮೇಲೆ ಕೈ ಸಡಿಲಿಸುವುದನ್ನು ಕಲಿಯಲಿ. ಹೆಲ್ಮೆಟ್ ತಲೆಯ ಮೇಲಿರಲಿ. ಸೋತು ಕೆಳಗಿಳಿದೆನೆಂಬ ಭಾವನೆ ಬೇಡ. ಇಬ್ಬರಿಗೂ ಅದು ವಿಶ್ರಾಂತಿ.

ಮುಂದೊಂದು ದಿನ ಅದೇ ಕುದುರೆ, ಅದೇ ಸವಾರ, ಪುಟ್ಟ ತಡೆಯೊಂದನ್ನು ನಿರಾಯಾಸವಾಗಿ ದಾಟುತ್ತಾರೆ. ‘ಇನ್ನೊಂದು ಸಲ, ಸ್ವಲ್ಪ ಎತ್ತರಿಸಿ’ ಎಂಬ ಆಸೆ ಆಗಲೇ ಮೂಡುವುದು. ಬೇಡ. ಕುತ್ತಿಗೆ ತಟ್ಟಿ, ಲಗಾಮು ಸಡಿಲಿಸಿ, ಲಾಯಕ್ಕೆ ಕರೆದೊಯ್ಯಲಿ. ಆ ಎರಡಡಿ ನಾಳೆಯೂ ಅಲ್ಲೇ ಇರುತ್ತದೆ.