ಹೊಗೆಗೆ ತೂಬಿಲ್ಲ

ವಾಸಕ್ಕೆ ಊರನ್ನು ಆರಿಸಿಕೊಳ್ಳುವಾಗ ಏನೇನನ್ನು ವಿಚಾರಿಸಬೇಕೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿಯೇ ಬಲ್ಲವರಾಗಿದ್ದರು. ಕುಡಿಯುವ ನೀರುಂಟೇ, ಕಷ್ಟಕಾಲಕ್ಕೆ ವೈದ್ಯನುಂಟೇ, ಮಕ್ಕಳಿಗೆ ಶಾಲೆಯುಂಟೇ, ನೆರೆಹೊರೆ ಹೇಗೆ ಎಂದು ಕೇಳಿ ತಿಳಿದ ಮೇಲೆಯೇ ಪಾಯ ತೆಗೆಯುತ್ತಿದ್ದರು. ಈಗ ಆ ಪಟ್ಟಿಗೆ ಹೊಸದೊಂದು ಪ್ರಶ್ನೆ ಸೇರಿಕೊಂಡಿದೆ. "ಇಲ್ಲಿ ಯಾರ ಕಾಟವೂ ಇಲ್ಲದೆ ನೆಮ್ಮದಿಯಾಗಿ ಒಂದು ಸಿಗಾರ್ ಸೇದಬಹುದೇ?" ಇದನ್ನು ಕೇಳುವವರು ಬಡವರಲ್ಲ, ಅವಿದ್ಯಾವಂತರೂ ಅಲ್ಲ. ಆದುದರಿಂದಲೇ ಈ ಪ್ರಶ್ನೆಗೆ ಸ್ವಲ್ಪ ನಿಷ್ಠುರವಾಗಿಯೇ ಉತ್ತರ ಹೇಳಬೇಕಾಗಿದೆ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ ನಮ್ಮ ಸೀಮೆಯ ಮಣ್ಣಿನ ಬೆಲೆಯೂ ಬದಲಾಯಿತು, ಅದನ್ನು ಕೊಳ್ಳುವವರ ಬಗೆಯೂ ಬದಲಾಯಿತು. ಒಂದು ಕಡೆ ಘಾಟಿ ಸುಬ್ರಹ್ಮಣ್ಯ, ಇನ್ನೊಂದು ಕಡೆ 1,478 ಮೀಟರ್ ಎತ್ತರದ ನಂದಿಬೆಟ್ಟ. ನಡುವಿನ ತೂಬಗೆರೆ ಹೋಬಳಿಯ ಬೆಳಗಿನ ಗಾಳಿಯನ್ನು ಹೊಗಳದ ಜಾಹೀರಾತಿಲ್ಲ. ನಗರದಲ್ಲಿ ದುಡಿದು ದಣಿದವರು ಇಲ್ಲಿ ತೋಟದ ಮನೆ ಕಟ್ಟಿಕೊಳ್ಳಲು ಬರುತ್ತಾರೆ. ಬರಲಿ, ಊರು ಯಾರ ಅಪ್ಪನ ಆಸ್ತಿಯೂ ಅಲ್ಲ. ಆದರೆ ಹಾಗೆ ಬರುವವರಲ್ಲಿ ಕೆಲವರ ತರ್ಕವನ್ನು ಗಮನಿಸಿ: ಬೆಂಗಳೂರಿನ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಸಿಗಾರ್ ಹಚ್ಚಿದರೆ ಮೇಲಿನ ಮನೆಯವರು ಜಗಳಕ್ಕೆ ಬರುತ್ತಾರೆ, ಸಂಘದ ಕಾರ್ಯದರ್ಶಿ ಪತ್ರ ಬರೆಯುತ್ತಾನೆ, ಹಳ್ಳಿಯಲ್ಲಾದರೆ ಕೇಳುವವರಿಲ್ಲ. ಅಂದರೆ ಅವರು ಅರಸಿ ಬಂದದ್ದು ಶುದ್ಧವಾದ ಗಾಳಿಯನ್ನಲ್ಲ, ಬಾಯಿಲ್ಲದ ನೆರೆಯನ್ನು. ನನ್ನ ತಕರಾರು ಇರುವುದು ಇಲ್ಲಿಯೇ.

ಮೊದಲನೆಯದಾಗಿ, ಹಳ್ಳಿ ಎಂದರೆ ಕಾನೂನಿನ ಆಚೆಗಿರುವ ಬಯಲು ಎಂಬ ಭ್ರಮೆಯನ್ನು ಬಿಡಬೇಕು. 1999ರಲ್ಲಿ ಕೇರಳದ ಹೈಕೋರ್ಟು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ಮಾಡುವುದು ಕಾನೂನುಬಾಹಿರವೆಂದು ಸಾರಿತು. 2001ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅನ್ವಯಿಸುವಂತೆ ಆದೇಶ ನೀಡಿತು. 2003ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿತು. 2008ರ ಅಕ್ಟೋಬರ್ 2ರಿಂದ ಅದರ ನಿಯಮಗಳು ಇನ್ನಷ್ಟು ಬಿಗಿಯಾದವು. ಕರ್ನಾಟಕವು 2024ರಲ್ಲಿ ಮಾಡಿದ ತಿದ್ದುಪಡಿ 2025ರ ಮೇ ತಿಂಗಳ ಕೊನೆಯಲ್ಲಿ ಜಾರಿಗೆ ಬಂದು, ಸಾರ್ವಜನಿಕ ಸ್ಥಳದಲ್ಲಿ ಸೇದುವವರ ದಂಡ 200 ರೂಪಾಯಿಯಿಂದ 1,000 ರೂಪಾಯಿಗೆ ಏರಿತು, ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು. ಈ ಕಾಯ್ದೆಯಲ್ಲಿ ಬೀಡಿಗೊಂದು, ಸಿಗರೇಟಿಗೊಂದು, ಸಿಗಾರಿಗೊಂದು ಎಂಬ ಪಂಕ್ತಿಭೇದವಿಲ್ಲ. ಬ್ರಿಗೇಡ್ ರಸ್ತೆಯ ಹೋಟೆಲಿಗೆ ಅನ್ವಯಿಸುವ ಕಾಯ್ದೆಯೇ ತೂಬಗೆರೆಯ ಬಸ್ ನಿಲ್ದಾಣಕ್ಕೂ ಅನ್ವಯಿಸುತ್ತದೆ.

"ರಸ್ತೆಯ ಮಾತು ಬಿಡಿ, ನನ್ನ ಮನೆಯ ಜಗುಲಿಯಲ್ಲಿ ನಾನು ಸೇದಿದರೆ ನಿಮಗೇನು?" ಎಂಬುದು ಎರಡನೆಯ ವಾದ. ಇದಕ್ಕೆ ತೂಕವಿಲ್ಲವೆಂದು ನಾನು ಹೇಳುವುದಿಲ್ಲ. ವಯಸ್ಸಿಗೆ ಬಂದ ಮನುಷ್ಯ ತನ್ನ ಮನೆಯೊಳಗೆ ತನ್ನ ಆರೋಗ್ಯವನ್ನು ಕೆಡಿಸಿಕೊಳ್ಳಲು ಕಾಯ್ದೆಯ ಅಡ್ಡಿಯಿಲ್ಲ, ಇರಬೇಕೆಂದು ನಾನು ಕೇಳುತ್ತಲೂ ಇಲ್ಲ. ಆದರೆ ನಮ್ಮೂರಿನ ಹೆಸರಿನಲ್ಲೇ ತೂಬು, ಕೆರೆ ಎಂಬ ಎರಡು ಮಾತುಗಳು ಕೇಳಿಸುತ್ತವೆ. ಕೆರೆ ಕಟ್ಟಿದವರು ತೂಬನ್ನು ಏಕೆ ಇಟ್ಟರು? ಮೇಲಿನವನು ತನಗಿಷ್ಟ ಬಂದಾಗ ಇಷ್ಟ ಬಂದಷ್ಟು ನೀರು ಬಿಟ್ಟರೆ ಕೆಳಗಿನವನ ಗದ್ದೆ ಹಾಳಾಗುತ್ತದೆಂಬ ಅರಿವಿನಿಂದ. ದೊಡ್ಡಬಳ್ಳಾಪುರದ ಬಳಿಯ ದೊಡ್ಡತುಮಕೂರು ಕೆರೆಗೆ ಕೊಳಚೆ ನೀರು ಸೇರುತ್ತಿದೆಯೆಂದು ಅಲ್ಲಿನ ಜನ ಬೀದಿಗಿಳಿದು ಹೋರಾಡಿದಾಗ ಅವರು ಹೇಳಿದ್ದೂ ಇದನ್ನೇ: ನಿಮ್ಮ ಹೊಲಸು ನಿಮ್ಮಲ್ಲೇ ಇರಲಿ. ನೀರಿನ ವಿಷಯದಲ್ಲಿ ಎಲ್ಲರಿಗೂ ಅರ್ಥವಾಗುವ ಈ ನ್ಯಾಯ ಗಾಳಿಯ ವಿಷಯದಲ್ಲಿ ಏಕೆ ಅರ್ಥವಾಗುವುದಿಲ್ಲ? ನೀರಿಗಾದರೆ ತೂಬುಂಟು, ಕಟ್ಟೆಯುಂಟು. ಹೊಗೆಗೆ ಎರಡೂ ಇಲ್ಲ. ಜಗುಲಿ ನಿಮ್ಮದಾಗಿರಬಹುದು, ಅಲ್ಲಿಂದ ಹೊರಟ ಹೊಗೆ ಬೇಲಿಯ ಬಳಿ ನಿಂತು ಪಹಣಿ ನೋಡುವುದಿಲ್ಲ.

ಮೂರನೆಯ ವಾದ ಸಿಗಾರ್ ರಸಿಕರಿಗೆ ಅತಿ ಪ್ರಿಯವಾದುದು: "ನಾವು ಹೊಗೆಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ, ಸ್ವಾದ ನೋಡಿ ಬಿಡುತ್ತೇವೆ." ಸರಿ, ನೀವು ಎಳೆದುಕೊಳ್ಳದೆ ಬಿಟ್ಟ ಹೊಗೆ ಎಲ್ಲಿಗೆ ಹೋಯಿತು? ಪಕ್ಕದವನು ಸ್ವಾದ ನೋಡಿ ಬಿಡುವ ವಿದ್ಯೆಯನ್ನು ಕಲಿತಿಲ್ಲ, ಉಸಿರಾಡುವುದಷ್ಟೇ ಅವನಿಗೆ ಗೊತ್ತು. ಒಂದು ಸಿಗರೇಟಿನಲ್ಲಿ ಒಂದು ಗ್ರಾಮಿಗಿಂತ ಕಡಮೆ ತಂಬಾಕು ಇರುತ್ತದೆ. ದೊಡ್ಡ ಸಿಗಾರಿನಲ್ಲಿ ಐದು ಗ್ರಾಮಿನಿಂದ ಹದಿನೇಳು ಗ್ರಾಮಿನವರೆಗೂ ಇರಬಹುದು. ಅಂದರೆ ಕೆಲವು ಸಿಗಾರುಗಳು ಒಂದು ಇಡೀ ಸಿಗರೇಟು ಪ್ಯಾಕಿಗೆ ಸಮ. ಅದು ಉರಿಯುವುದು ಐದು ನಿಮಿಷವಲ್ಲ, ಒಂದೆರಡು ಗಂಟೆ. ಇನ್ನು ಸೇದುವವನಿಗೂ ಬಿಡುಗಡೆಯಿಲ್ಲ. ಸಿಗಾರಿನ ಹೊಗೆ ಕ್ಷಾರ ಗುಣದ್ದಾದುದರಿಂದ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿಗೆ ಸಿಗಾರ್ ಕಾರಣವಾಗುತ್ತದೆಂಬುದನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲೇ ಒಂದು ದೊಡ್ಡ ಗ್ರಂಥದಲ್ಲಿ ವಿವರಿಸಿದೆ. ಪರರು ಬಿಟ್ಟ ಹೊಗೆಯಲ್ಲಿ "ಇಷ್ಟಾದರೆ ಅಪಾಯವಿಲ್ಲ" ಎನ್ನುವ ಅಳತೆಯೇ ಇಲ್ಲವೆಂದು ಅದೇ ದೇಶದ ಸರ್ಜನ್ ಜನರಲ್ 2006ರ ವರದಿಯಲ್ಲಿ ಹೇಳಿದರು.

ರಸಿಕರು ಆಗ ಚರ್ಚಿಲ್ಲನನ್ನು ಕರೆತರುತ್ತಾರೆ. 1896ರಲ್ಲಿ ನಾಲ್ಕನೆಯ ಹುಸಾರ್ ದಳದ ಯುವ ಅಧಿಕಾರಿಯಾಗಿ ಆತ ಬೆಂಗಳೂರಿನ ದಂಡಿಗೆ ಬಂದದ್ದೂ, ತೋಟದ ಬಂಗಲೆಯಲ್ಲಿ ಗುಲಾಬಿ ಬೆಳೆಸಿ ಚಿಟ್ಟೆ ಹಿಡಿಯುತ್ತ ಕಾಲ ಕಳೆದದ್ದೂ ನಿಜ. ಬೆಂಗಳೂರು ಕ್ಲಬ್ಬಿಗೆ ಹದಿಮೂರು ರೂಪಾಯಿ ಬಾಕಿ ಉಳಿಸಿಹೋದದ್ದೂ ನಿಜ. ಆದರೆ ಆ ಬಂಗಲೆಯಲ್ಲಿ ಊಟ ಬಡಿಸಿದವರನ್ನು, ಕುದುರೆ ತೊಳೆದವರನ್ನು ಹೊಗೆಯ ಬಗ್ಗೆ ಯಾರೂ ಅಭಿಪ್ರಾಯ ಕೇಳುವ ಕಾಲ ಅದಾಗಿರಲಿಲ್ಲ. ಅಂದಿನ ದೊರೆತನವನ್ನು ಇಂದಿನ ತೋಟದ ಮನೆಗೆ ಬಾಡಿಗೆಗೆ ತರುವುದು ರಸಿಕತೆಯಲ್ಲ.

ನಮ್ಮ ಭಾಗದ ರೈತನಿಗೆ ತಂಬಾಕಿನ ಗುಣ ಪುಸ್ತಕ ಓದಿ ತಿಳಿಯಬೇಕಾದುದಲ್ಲ. ಇದು ಹಿಪ್ಪುನೇರಳೆಯ ನಾಡು, ರೇಷ್ಮೆಹುಳುವನ್ನು ಮಗುವಿನಂತೆ ಸಾಕಿದ ನಾಡು. ನಿಕೋಟಿನ್ ಎಂಬುದು ಹುಳುಗಳನ್ನು ಕೊಲ್ಲಲೆಂದೇ ಗಿಡ ತನ್ನಲ್ಲಿ ಕೂಡಿಟ್ಟುಕೊಂಡ ವಿಷ. ತಂಬಾಕಿನ ಕಷಾಯವನ್ನು ಬೆಳೆಗೆ ಕೀಟನಾಶಕವಾಗಿ ಎರಚುತ್ತಿದ್ದುದೂ ಅದಕ್ಕಾಗಿಯೇ. ತಂಬಾಕಿನ ಹೊಲದ ಮಗ್ಗುಲಲ್ಲಿ ಹಿಪ್ಪುನೇರಳೆ ಹಾಕಬೇಡಿರೆಂದು ರೇಷ್ಮೆ ತಜ್ಞರು ಎಚ್ಚರಿಸುತ್ತಾರೆ. ಅಂತಹ ಸೊಪ್ಪನ್ನು ತಿಂದ ಹುಳು ಮೇವು ಬಿಟ್ಟು, ತಲೆಯೆತ್ತಿ, ವಾಂತಿ ಮಾಡಿ ಸಾಯುತ್ತದೆ. ಹುಳುಮನೆಯೊಳಗೆ ಬೀಡಿ ಹಚ್ಚುವಂತಿಲ್ಲ, ತಂಬಾಕು ಮುಟ್ಟಿದ ಕೈಯಿಂದ ಸೊಪ್ಪು ಹಾಕುವಂತಿಲ್ಲ. ಯಜಮಾನನೇ ಆದರೂ ಬಾಗಿಲಾಚೆಗೇ ಬೀಡಿ ಆರಿಸಿ, ಕೈ ತೊಳೆದು ಒಳಗೆ ಬರಬೇಕು. ಗೂಡು ಕಟ್ಟುವ ಹುಳುವಿಗೆ ಇಷ್ಟು ಮರ್ಯಾದೆ ಕೊಡುವ ನಾವು, ತೊಟ್ಟಿಲಲ್ಲಿರುವ ಕೂಸಿಗೆ ಅದನ್ನು ಕೊಡಬಾರದೇ? ಹುಳು ಸತ್ತರೆ ನಷ್ಟ ಆ ತಿಂಗಳೇ ಮಾರುಕಟ್ಟೆಯಲ್ಲಿ ಕಾಣುತ್ತದೆ. ಮಗುವಿನ ಶ್ವಾಸಕೋಶದ ಲೆಕ್ಕ ಬರೆಯುವವರಿಲ್ಲ, ವ್ಯತ್ಯಾಸ ಇಷ್ಟೇ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. "ನಾನು ಇಷ್ಟು ವರ್ಷಗಳಿಂದ ಇಲ್ಲಿ ಸೇದುತ್ತಿದ್ದೇನೆ, ಊರಿನವರು ಒಬ್ಬರೂ ಆಕ್ಷೇಪಿಸಿಲ್ಲ" ಎನ್ನುತ್ತಾರೆ. ಮೌನವೇ ಸಮ್ಮತಿಯ ಲಕ್ಷಣವೆಂಬ ಗಾದೆಯನ್ನು ಮಾಡಿದವನು ಹಳ್ಳಿಯಲ್ಲಿ ಕೂಲಿಗೆ ಇದ್ದವನಲ್ಲ. ತೋಟದ ಮನೆಯ ಕಾವಲುಗಾರ, ಪಾತ್ರೆ ತೊಳೆಯುವ ಹೆಣ್ಣುಮಗಳು, ಗಿಡಕ್ಕೆ ನೀರು ಕಟ್ಟುವ ಹುಡುಗ, ಇವರು "ಸ್ವಾಮಿ, ಹೊಗೆ ಸಹಿಸಲಾಗದು" ಎಂದು ಹೇಳುವುದು ಸಾಧ್ಯವೇ? ಹೇಳಿದರೆ ಮಾರನೆಯ ದಿನ ಕೆಲಸ ಉಳಿಯುತ್ತದೆಯೇ? ನೆರೆಯ ರೈತ ಕೂಡ ಸಂಕೋಚದಿಂದ ಸುಮ್ಮನಿರುತ್ತಾನೆ. ಮನೆಗೆ ಬಂದ ದೊಡ್ಡವರನ್ನು ಎದುರಾಡಬಾರದೆಂದು ಅವನಿಗೆ ನಾವೇ ಕಲಿಸಿದ್ದೇವೆ. ಅಪಾರ್ಟ್‌ಮೆಂಟಿನ ಮೇಲಿನ ಮನೆಯವನು ನಿಮಗೆ ಸರಿಸಮಾನನಾದುದರಿಂದ ಜಗಳಕ್ಕೆ ಬಂದ. ಇಲ್ಲಿಯವನು ಸಮಾನನಲ್ಲವೆಂದು ತಿಳಿದೇ ನೀವು ಇಲ್ಲಿಗೆ ಬಂದಿರಿ. ನೀವು ಸ್ವಾತಂತ್ರ್ಯವೆಂದು ಕರೆಯುವುದು ಈ ಅಸಮಾನತೆಯನ್ನೇ.

"ನಿಮ್ಮ ಹಳ್ಳಿಯವರು ಬೀಡಿ ಸೇದುವುದಿಲ್ಲವೇ? ಘಾಟಿಯ ದನಗಳ ಜಾತ್ರೆಯಲ್ಲಿ ನೋಡಿಲ್ಲವೇ?" ಎಂಬ ಎದುರು ಪ್ರಶ್ನೆ ಬಂದೇ ಬರುತ್ತದೆ. ಸೇದುತ್ತಾರೆ, ಅಗಿಯುತ್ತಾರೆ, ಉಗುಳುತ್ತಾರೆ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇಕಡ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ದೇಶದ ವಯಸ್ಕರಲ್ಲಿ ಶೇಕಡ 38.7 ಮಂದಿ ಮನೆಯೊಳಗೇ ಪರರ ಹೊಗೆಗೆ ಒಡ್ಡಿಕೊಂಡಿದ್ದರು. ಇದು ನಮ್ಮ ಅವಮಾನ, ನಿಮ್ಮ ಪರವಾನಗಿಯಲ್ಲ. ಒಂದು ಭೇದವನ್ನು ಮಾತ್ರ ಗಮನಿಸಬೇಕು. ಕೂಲಿಯವನು ಬೀಡಿ ಸೇದಿದರೆ ಅದನ್ನು ಚಟವೆನ್ನುತ್ತಾರೆ. ಅದೇ ತಂಬಾಕನ್ನು ದಪ್ಪಗೆ ಸುತ್ತಿ, ದೇವದಾರಿನ ಪೆಟ್ಟಿಗೆಯಲ್ಲಿ ಶೇಕಡ ಎಪ್ಪತ್ತರ ತೇವದಲ್ಲಿ ಮಲಗಿಸಿಟ್ಟು, ಬೆಳ್ಳಿಯ ಕತ್ತರಿಯಿಂದ ತುದಿ ಕತ್ತರಿಸಿದರೆ ಅದು ಅಭಿರುಚಿಯಾಗುತ್ತದೆ. ನಮ್ಮ ಅಜ್ಜಂದಿರು ಸೇದುತ್ತಿದ್ದ ಚುಟ್ಟಾ ಈ ಸಿಗಾರಿನ ದಾಯಾದಿಯೇ ಅಲ್ಲವೇ? ಚುಟ್ಟಾ ಸೇದಿದ ಅಜ್ಜನನ್ನು ಹಿತ್ತಿಲಿಗೆ ಕಳುಹಿಸಿದ ಸಮಾಜ ಸಿಗಾರ್ ಸೇದುವ ಮೊಮ್ಮಗನಿಗೆ ಪಡಸಾಲೆಯಲ್ಲಿ ಕುರ್ಚಿ ಹಾಕುತ್ತಿದೆ.

ಹೊರದೇಶದಿಂದ ಮರಳಿದವರಿಗೆ ಇದನ್ನೆಲ್ಲ ಹೊಸದಾಗಿ ಹೇಳಬೇಕಾಗಿಲ್ಲ. ಕ್ಯಾಲಿಫೋರ್ನಿಯದ ಕಲಾಬಸಾಸ್ ಎಂಬ ಊರು 2006ರಲ್ಲೇ ಬಯಲಿನ ಸಾರ್ವಜನಿಕ ಸ್ಥಳಗಳಲ್ಲೂ ಧೂಮಪಾನವನ್ನು ನಿರ್ಬಂಧಿಸಿತು. ಅಮೆರಿಕದ ಸರ್ಕಾರಿ ವಸತಿ ಕಟ್ಟಡಗಳಲ್ಲಿ 2018ರ ಜುಲೈನಿಂದ ಮನೆಯೊಳಗೆ ಮಾತ್ರವಲ್ಲ, ಕಟ್ಟಡದಿಂದ ಇಪ್ಪತ್ತೈದು ಅಡಿಯೊಳಗೂ ಸಿಗರೇಟು, ಸಿಗಾರು ಯಾವುದನ್ನೂ ಹಚ್ಚುವಂತಿಲ್ಲ. ಅಲ್ಲಿ ಅಡಿಗೋಲಿಟ್ಟು ಅಳೆದು ದೂರ ನಿಲ್ಲುವ ಸೌಜನ್ಯ ತಾಯ್ನಾಡಿಗೆ ಬಂದೊಡನೆ ಕರಗಬಾರದು.

ಹಾಗಾದರೆ ಸಿಗಾರ್ ಪ್ರಿಯನು ಎಲ್ಲಿ ವಾಸಿಸಬೇಕು? ಬಿಟ್ಟುಬಿಡುವುದೇ ಲೇಸು ಎಂಬುದು ನನ್ನ ಮೊದಲ ಉತ್ತರ. ಬಿಡಲಾರೆನೆಂದರೆ, ಮನೆಯನ್ನು ಆರಿಸುವ ಮುನ್ನ ತನ್ನ ಕುರ್ಚಿ ಎಲ್ಲಿರಬೇಕೆಂದು ಯೋಚಿಸದೆ, ಸಂಜೆಯ ಗಾಳಿ ಯಾವ ದಿಕ್ಕಿಗೆ ಬೀಸುತ್ತದೆ, ಅಲ್ಲಿ ಯಾರ ಮನೆಯಿದೆ, ಅಂಗನವಾಡಿಯುಂಟೇ, ಹುಳುಮನೆಯುಂಟೇ ಎಂದು ನೋಡಲಿ. ನೆರೆಯವರ ಬಾಗಿಲಿಗೆ ತಾನೇ ಹೋಗಿ ಕೇಳಲಿ. "ಬೇಡ" ಎಂದು ಹೇಳಲು ಅವರಿಗೆ ಧೈರ್ಯ ಬರುವ ಹಾಗೆ ಕೇಳಲಿ. ಕೆಲಸದವರು ಕಾಲಿಡಬೇಕಾದ ಕೋಣೆಯಲ್ಲಿ ಸೇದದಿರಲಿ, ಬೂದಿಯ ಬಟ್ಟಲನ್ನು ತಾನೇ ತೊಳೆಯಲಿ. ಇಷ್ಟೆಲ್ಲ ಮಾಡಿದ ಮೇಲೂ ಸಿಗಾರಿನ ರುಚಿ ಉಳಿದರೆ ಸೇದಿಕೊಳ್ಳಲಿ.

ನಮ್ಮ ಜನರಿಗೂ ಒಂದು ಮಾತು. ಸಂಕೋಚ ಸದ್ಗುಣವೇ ಹೌದು, ಆದರೆ ಉಸಿರಿನ ವಿಷಯದಲ್ಲಿ ಅದು ದೌರ್ಬಲ್ಯ. ಹುಳುಮನೆಯ ಬಾಗಿಲಲ್ಲಿ ಯಾರನ್ನಾದರೂ ತಡೆದು "ಬೀಡಿ ಆರಿಸಿ ಬನ್ನಿ" ಎನ್ನುವ ಬಾಯಿ ನಿಮಗೆ ಇದೆ. ಅದೇ ಬಾಯಿ ಅಂಗನವಾಡಿಯ ಬಾಗಿಲಲ್ಲಿ, ಬಸ್ ನಿಲ್ದಾಣದಲ್ಲಿ, ತೋಟದ ಮನೆಯ ಬೇಲಿಯ ಬಳಿಯಲ್ಲಿ ಕಟ್ಟಿಹೋಗಬೇಕಾಗಿಲ್ಲ. ಬೀಡಿಯವನಿಗೆ ಒಂದು ದನಿ, ಸಿಗಾರಿನವರಿಗೆ ಇನ್ನೊಂದು ದನಿ ಬೇಡ. ಇಬ್ಬರಿಗೂ ಒಂದೇ ಮಾತನ್ನು, ಒಂದೇ ವಿನಯದಿಂದ, ಒಂದೇ ಗಟ್ಟಿ ದನಿಯಲ್ಲಿ ಹೇಳಿರಿ.